ಅದೇ ಪ್ರೀಸೆಟ್ ಹಾಕಿದ್ರೂ ಹಳೇ ಪೋರ್ಟ್ರೇಟ್‌ಗಳ ಕಲರ್ ಬರ್ತಾನೇ ಇಲ್ಲ!

ಮಬ್ಬುಬೆಳಕು: ತಲೆ ಕೆಟ್ಟುಹೋಗಿದೆ. ತಂಡದವರ ಹಳೇ ಪೋರ್ಟ್ರೇಟ್‌ಗಳಿವೆ. ಚರ್ಮ ಬೆಚ್ಚಗೆ, ನೆರಳಲ್ಲಿ ತುಸು ಹಸಿರು-ನೀಲಿ ಛಾಯೆ, ಕಪ್ಪು ಪೂರ್ತಿ ಕಪ್ಪಲ್ಲ. ಈಗ ಹೊಸದಾಗಿ ಸೇರಿದವರ ಫೋಟೋ ತೆಗೆದು ಅದೇ ಸಾಲಿಗೆ ಹಾಕಬೇಕು. ಲೈಟ್‌ರೂಮ್‌ನಲ್ಲಿ ಅದೇ ಪ್ರೀಸೆಟ್ (ಸೇವ್ ಮಾಡಿಟ್ಟ ಎಡಿಟ್ ಸೆಟ್ಟಿಂಗ್‌ಗಳು) ಹಾಕಿದೆ. ಮುಖ ಕಿತ್ತಳೆ, ಬಿಳಿ ಶರ್ಟು ಮಣ್ಣು. ಏನ್ಮಾಡ್ಲಿ?

ರಾ_ರಾಯ: ರಾ ಫೈಲಾ (ಕ್ಯಾಮೆರಾ ಸಂಸ್ಕರಿಸದೆ ಕೊಡೋದು), ಜೆಪೆಗ್ಗಾ? ಎರಡಕ್ಕೂ ಒಂದೇ ಕ್ಯಾಮೆರಾನಾ? ಬಣ್ಣದ ಪ್ರೊಫೈಲ್ ಯಾವುದು? ಏನೂ ಹೇಳದೆ ಕೇಳಿದ್ರೆ ನಾವು ಕಣಿ ಹೇಳಬೇಕಷ್ಟೆ.

ಮಾನಿಟರ್‌ಮುನಿ: ಮೊದಲು ಬಣ್ಣ ಸರಿಯಾಗಿ ತೋರೋ ಹಾಗೆ ಮಾನಿಟರ್ ಕ್ಯಾಲಿಬ್ರೇಟ್ ಮಾಡಿ. ಬಿಳುಪು ಡಿ65, ಗಾಮಾ 2.2, ಹೊಳಪು 120 ನಿಟ್ಸ್. ಮುಗೀತು.

ಮಬ್ಬುಬೆಳಕು: ಎರಡನ್ನೂ ಒಂದೇ ಸ್ಕ್ರೀನ್‌ನಲ್ಲಿ ಪಕ್ಕಪಕ್ಕ ಇಟ್ಟು ನೋಡ್ತಿದೀನಿ ಸ್ವಾಮಿ. ಅದು ಸುಳ್ಳು ಹೇಳಿದ್ರೆ ಎರಡಕ್ಕೂ ಹೇಳಬೇಕಲ್ಲ? ಹೊಸದು ರಾ.

ಮಾನಿಟರ್‌ಮುನಿ: ಹಾಗಂತ ಎಲ್ರೂ ಅಂದ್ಕೊಳ್ತಾರೆ. ನಂದು ಹತ್ತು ಬಿಟ್ ಪ್ಯಾನೆಲ್ಲು, ಸುತ್ತ ಹುಡ್ ಬೇರೆ ಹಾಕಿದೀನಿ, ಗೋಡೆಗೆ ಬೂದು ಬಣ್ಣ. ಹಿಂಗೆ ಕೂತು ನೋಡಿದ್ರೆ ಗೊತ್ತಾಗುತ್ತೆ.

ಐವತ್ತುಎಂಎಂ: ಲೈಟ್‌ರೂಮ್ ಬಿಟ್ಟು ಕ್ಯಾಪ್ಚರ್ ಒನ್ ತಗೊಳ್ಳಿ. ಚರ್ಮದ ಬಣ್ಣಕ್ಕೇ ಪ್ರತ್ಯೇಕ ಟೂಲ್ ಇದೆ.

ರಾ_ರಾಯ: ಸಾಫ್ಟ್‌ವೇರ್ ಜಗಳ ಆಮೇಲೆ. ಮಬ್ಬು ಅವ್ರೇ, ಹಳೇದರ ರಾ ಇದೆಯಾ? ಲೈಟ್ ಯಾವುದು?

ಮಬ್ಬುಬೆಳಕು: ಹಳೇದು ಬೇರೆಯವರು ತೆಗೆದದ್ದು, ನನ್ನ ಹತ್ರ ಜೆಪೆಗ್ ಮಾತ್ರ. ಪ್ರೀಸೆಟ್ ಅವ್ರೇ ಕಳಿಸಿದ್ದು. ಲೈಟು ಎಲ್‌ಇಡಿ ಪ್ಯಾನೆಲ್ಲು. ಮೇಲೆ ಟ್ಯೂಬ್‌ಲೈಟೂ ಉರೀತಿತ್ತು, ಅದೆಲ್ಲ ಮುಖ್ಯನಾ?

ಕಣ್ಣಂಚು: ಅದೇ ಮುಖ್ಯ. ಹಳೇ ಫೋಟೋದ ಕಣ್ಣನ್ನ 200% ಜೂಮ್ ಮಾಡಿ ನೋಡಿ. ಮಿನುಗು ಒಂದೇ, ದೊಡ್ಡದು, ಒಂದು ಪಕ್ಕಕ್ಕಿದ್ರೆ ಅದು ಬಹುಶಃ ಕಿಟಕಿ ಬೆಳಕು. ನಿಮ್ಮ ಫೋಟೋದಲ್ಲಿ ಚಿಕ್ಕ ಚೌಕ ಕಾಣುತ್ತೆ, ಜೊತೆಗೆ ಮೇಲೊಂದು ಗೆರೆ. ಈಗ ಪ್ರೀಸೆಟ್‌ಗೆ ಬನ್ನಿ. ಅದರೊಳಗೆ ವೈಟ್ ಬ್ಯಾಲೆನ್ಸೂ (ಬಿಳಿ ಬಿಳಿಯಾಗೇ ಕಾಣೋ ಹಾಗೆ ಮಾಡೋ ಸೆಟ್ಟಿಂಗ್) ಸೇವ್ ಆಗಿರಬಹುದು. ಕಿಟಕಿ ನೆರಳಿಗೆ ಅಂತ 6500ಕೆ (ಕೆಲ್ವಿನ್, ಬೆಳಕಿನ ಬಣ್ಣದ ಅಳತೆ) ಇಟ್ಟಿದ್ರೆ, 4000ಕೆ ಲೈಟಲ್ಲಿ ತೆಗೆದ ಮುಖ ಕಿತ್ತಳೆ ಆಗದೆ ಇನ್ನೇನಾಗುತ್ತೆ?

ಟ್ಯೂಬ್‌ಲೈಟ್ ಆರಿಸಿ. ಒಂದೇ ಥರದ ಲೈಟಿರಲಿ, ಬೆಳಕು ಹರಡೋ ದೊಡ್ಡ ಡಿಫ್ಯೂಸರ್ ಹಾಕಿ ಮುಖದ ಹತ್ರ ತನ್ನಿ. ಮೊದಲ ಫ್ರೇಮಲ್ಲಿ ಗ್ರೇ ಕಾರ್ಡ್ (ಬೂದು ಬಣ್ಣದ ಹಲಗೆ) ಹಿಡಿಸಿ, ಅದರಿಂದಲೇ ವೈಟ್ ಬ್ಯಾಲೆನ್ಸ್ ತಗೊಳ್ಳಿ. ಪ್ರೀಸೆಟ್‌ನಲ್ಲಿ ವೈಟ್ ಬ್ಯಾಲೆನ್ಸ್‌ನ ಟಿಕ್ ತೆಗೆದು ಹೊಸದಾಗಿ ಸೇವ್ ಮಾಡಿ. ಆಮೇಲೆ ಡೆವಲಪ್‌ನಲ್ಲಿ ಶಿಫ್ಟ್+ಆರ್ ಒತ್ತಿ ಎರಡು ಫೋಟೋ ಪಕ್ಕಪಕ್ಕ ತೋರಿಸೋ ರೆಫರೆನ್ಸ್ ವ್ಯೂ ತೆಗೀರಿ, ಹಳೇ ಜೆಪೆಗ್ ಎಡಕ್ಕೆ. ಕೆನ್ನೆ ಮೇಲೆ ಕರ್ಸರ್ ಇಟ್ಟು ಎರಡರ ಆರ್‌ಜಿಬಿ (ಕೆಂಪು, ಹಸಿರು, ನೀಲಿ) ಶೇಕಡಾ ಹೋಲಿಸಿ. ಕಣ್ಣನ್ನ ನಂಬಬೇಡಿ, ಹಿನ್ನೆಲೆ ಬಣ್ಣ ಬದಲಾದ್ರೆ ಚರ್ಮವೂ ಬೇರೆ ಥರ ಕಾಣುತ್ತೆ.

ಐವತ್ತುಎಂಎಂ: ಫೋಟೋಶಾಪ್‌ನಲ್ಲಿ ಮ್ಯಾಚ್ ಕಲರ್ ಅಂತಲೇ ಇದೆಯಲ್ಲ, ಇಷ್ಟೆಲ್ಲ ಯಾಕೆ?

ಕಣ್ಣಂಚು: ಅದು ಇಡೀ ಚಿತ್ರದ ಬಣ್ಣ ಲೆಕ್ಕ ಹಾಕುತ್ತೆ. ಒಬ್ಬರು ಕೆಂಪು ಸ್ವೆಟರ್ ಹಾಕ್ಕೊಂಡು ಬಂದ್ರೆ ಮುಖದ ಬಣ್ಣವೂ ಅತ್ತ ಜಾರುತ್ತೆ. ಮುಖ ಸೆಲೆಕ್ಟ್ ಮಾಡಿ ಮಾಡಿದ್ರೆ ಸರಿ.

ಐವತ್ತುಎಂಎಂ: ನಾನು ಸೆಲೆಕ್ಟ್ ಮಾಡೇ ಮಾಡೋದು. ದೊಡ್ಡ ಅಪರ್ಚರ್‌ನ 1.4 ಲೆನ್ಸಲ್ಲಿ ಹಿನ್ನೆಲೆಯೇ ಕರಗಿರುತ್ತೆ.

ಮಾನಿಟರ್‌ಮುನಿ: ಯಾವ 1.4? ಫೋಟೋ ಹಾಕಿ ನೋಡೋಣ.

ಮಬ್ಬುಬೆಳಕು: ಒಬ್ಬರದ್ದು ಮತ್ತೆ ತೆಗೆದೆ, ಟ್ಯೂಬ್‌ಲೈಟ್ ಆರಿಸಿ. ಚರ್ಮ ಹೆಚ್ಚುಕಮ್ಮಿ ಕೂತಿದೆ. ನೆರಳಿನ ಹಸಿರು-ನೀಲಿ ಮಾತ್ರ ಕುತ್ತಿಗೆವರೆಗೂ ಹತ್ತಿದೆ, ಹಳೇದರಲ್ಲಿ ಕೂದಲಲ್ಲಷ್ಟೇ ಇದೆ.

ರಾ_ರಾಯ: ಲೈಟ್‌ರೂಮ್‌ನ ಕಲರ್ ಗ್ರೇಡಿಂಗ್‌ನಲ್ಲಿ ಬ್ಯಾಲೆನ್ಸ್ ಸ್ಲೈಡರ್ ಬಲಕ್ಕೆ ಎಳೀರಿ, ನೆರಳಿನ ಬಣ್ಣದ ಹಿಡಿತ ಕಡಿಮೆ ಆಗುತ್ತೆ. ಸಾಲದಿದ್ರೆ ಆ ಬದಿ ಬಿಳಿ ರಿಫ್ಲೆಕ್ಟರ್ ಇಟ್ಟು ಕುತ್ತಿಗೆ ನೆರಳನ್ನೇ ತಿಳಿ ಮಾಡಿ. ಮತ್ತೆ ಕ್ಯಾಮೆರಾ ಯಾವುದು ಅಂತ ಇನ್ನೂ ಹೇಳಿಲ್ಲ ನೀವು.