112ಕ್ಕೆ 22

ರಾತ್ರಿ ಒಂಬತ್ತೂವರೆಗೆ ಅಕ್ಕ ಮನೆ ಗುಂಪಿಗೆ ಒಂದು ಚಿತ್ರ ಹಾಕಿದಳು. ಮೇಲೆ 'ಹಲವು ಬಾರಿ ಫಾರ್ವರ್ಡ್ ಆಗಿದೆ' ಅನ್ನೋ ಗುರುತು. ಎಡಕ್ಕೆ ಕತ್ತಿ ಹಿಡಿದ ಫೈಟರ್, ಕೆಳಗೆ 22. ಬಲಕ್ಕೆ ಕೋಲು ಹಿಡಿದ ವಿಝಾರ್ಡ್, ಕೆಳಗೆ 112. ತಲೆಬರಹ: 'ಐದನೇ ಲೆವೆಲ್‌ಗೇ ಫೈಟರ್ ಕಥೆ ಮುಗಿಯಿತು. ಲೆಕ್ಕ ಸುಳ್ಳು ಹೇಳಲ್ಲ.' ತಳದಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿ ಇನ್ನೇನೋ ಇತ್ತು. ಅದನ್ನು ಯಾರೂ ದೊಡ್ಡದು ಮಾಡಿ ನೋಡಲಿಲ್ಲ. ನಾನು ನೋಡಿದ್ದೂ ತಡವಾಗಿಯೇ.

ಚಿತ್ರದ ಜೊತೆ ಅಕ್ಕ ಬರೆದದ್ದು ಎರಡೇ ಪದ: 'ಹೇಳಿರಲಿಲ್ವಾ ನಾನು?'

ನಾವೆಲ್ಲ ಐದು ವರ್ಷ ಒಂದೇ ಮೇಜಿನ ಸುತ್ತ ಡಂಜನ್ಸ್ ಆಂಡ್ ಡ್ರ್ಯಾಗನ್ಸ್ ಆಡಿದವರು. ಅಣ್ಣ ಡಿಎಂ, ಅಂದರೆ ಆಟ ನಡೆಸುವವನು. ಅಕ್ಕ ಫೈಟರ್. ಚಿಕ್ಕಪ್ಪನ ಮಗ ಪುಟ್ಟ ವಿಝಾರ್ಡ್, ಅಂದರೆ ಮಾಂತ್ರಿಕ. ದೊಡ್ಡಮ್ಮನ ಮಗ ಗುಂಡ ರೋಗ್, ಅಂದರೆ ಕಳ್ಳ. ನಾನು ಕ್ಲೆರಿಕ್, ಎಲ್ಲರ ಗಾಯ ಮಾಯಿಸುವವಳು. ಆಟ ನಿಂತು ಮೂರು ವರ್ಷವಾಯಿತು. ಪಾತ್ರ ಮಾತ್ರ ಯಾರೂ ಬಿಟ್ಟಿಲ್ಲ.

ಭಾವ: ಸೋರ್ಸ್?

(ಭಾವ ಒಂದು ದಿನವೂ ಆಡಿದವರಲ್ಲ. ನಿಯಮದ ಪುಸ್ತಕ ಮಾತ್ರ ಎಲ್ಲ ಓದಿದ್ದಾರೆ.)

ಅಕ್ಕ: ಸೋರ್ಸ್ ಯಾಕ್ರೀ ಬೇಕು? ಗ್ರೇಟ್‌ಸೋರ್ಡ್‌ಗೆ ಎರಡು ಡಿ6, ಸರಾಸರಿ 7. ತೋಳಿನ ಬಲಕ್ಕೆ 4. ಒಂದೇಟಿಗೆ 11, ಎರಡೇಟಿಗೆ 22. ಫೈರ್‌ಬಾಲ್ ಎಂಟು ಡಿ6, ಸರಾಸರಿ 28. ನಾಲ್ಕು ಗಾಬ್ಲಿನ್‌ಗೆ 112. ನೀವೇ ಕೂಡಿ ನೋಡಿ.

(ಡಿ6 ಅಂದರೆ ಆರು ಮುಖದ ದಾಳ; ಡಿ4, ಡಿ20 ಕೂಡ ಹಾಗೇ. ಬಿದ್ದ ಅಂಕಿಯಷ್ಟು ವೈರಿಗೆ ಪೆಟ್ಟು. ಫೈರ್‌ಬಾಲ್ ವಿಝಾರ್ಡ್ ಎಸೆಯೋ ಬೆಂಕಿಯುಂಡೆಯ ಮಂತ್ರ.)

ಭಾವ: ಕೂಡಿದ್ದು ಸರಿ ಇದೆ. ಯಾರು ಹೇಳಿದ್ದು ಅಂತ ಕೇಳಿದೆ.

ಪುಟ್ಟ: ಮತ್ತೆ ಶುರುವಾಯ್ತು

ಅಕ್ಕ: ನೀನು ಸುಮ್ನಿರು.

ಅಷ್ಟರಲ್ಲಿ ಚಿಕ್ಕಪ್ಪ ಬಂದರು. ಅವರು ಬರೆದರೆ ಒಂದು ಪುಟ.

ಚಿಕ್ಕಪ್ಪ: ಮಕ್ಕಳಾ, ನಮ್ಮ ಕಾಲದಲ್ಲಿ ಹೀಗಿರಲಿಲ್ಲ. 1978ರ ಪ್ಲೇಯರ್ಸ್ ಹ್ಯಾಂಡ್‌ಬುಕ್ ತೆಗೆದು ನೋಡಿ. ಮಾಂತ್ರಿಕನ ಜೀವಕ್ಕೆ ಒಂದು ಡಿ4. ಮೊದಲ ಲೆವೆಲ್‌ನಲ್ಲಿ ದಿನಕ್ಕೆ ಒಂದೇ ಮಂತ್ರ. ಅದು ಮುಗಿದರೆ ಹಿಂದೆ ನಿಂತು ಪಂಜು ಹಿಡಿಯಬೇಕು. ಎರಡನೇ ಲೆವೆಲ್‌ಗೆ ಕಳ್ಳನಿಗೆ 1,251 ಅನುಭವದ ಅಂಕ ಸಾಕು, ಫೈಟರ್‌ಗೆ 2,001, ಮಾಂತ್ರಿಕನಿಗೆ 2,501. ಕಷ್ಟಪಟ್ಟವನಿಗೆ ಮಾತ್ರ ಶಕ್ತಿ. ಈಗ ಎಲ್ಲರಿಗೂ ಎಲ್ಲವೂ ಬೇಗ ಬೇಕು. ತಾಳ್ಮೆ ಅನ್ನೋದೇ ಇಲ್ಲ.

ಭಾವ: ಮಾವ, ಅದೇ ಪುಸ್ತಕದಲ್ಲಿ ಏಳನೇ ಲೆವೆಲ್‌ನ ಸಾಲು ನೋಡಿ. ಫೈಟರ್‌ಗೆ 70,001. ಮಾಂತ್ರಿಕನಿಗೆ 60,001. ಅಷ್ಟೊತ್ತಿಗೆ ಅವನ ಕೈಗೆ ಫೈರ್‌ಬಾಲ್ ಬಂದು ಎರಡು ಲೆವೆಲ್ ಆಗಿರುತ್ತೆ. ಕಷ್ಟಪಟ್ಟಿದ್ದು ಯಾರು?

ಹತ್ತು ನಿಮಿಷ ಚಿಕ್ಕಪ್ಪನ ಸುಳಿವಿಲ್ಲ. ಕಪಾಟಿನಲ್ಲಿ ಪುಸ್ತಕ ಹುಡುಕುತ್ತಿದ್ದರಂತೆ. ಚಿಕ್ಕಮ್ಮ ಆಮೇಲೆ ನನಗೆ ಬೇರೆಯಾಗಿ ಮೆಸೇಜ್ ಮಾಡಿ ಹೇಳಿದರು.

ಚಿಕ್ಕಪ್ಪ: ದೊಡ್ಡವರಿಗೆ ಹೀಗೆ ಎದುರು ಹೇಳಬಾರದು.

ಚಿಕ್ಕಪ್ಪ: ಇರಲಿ. ನಮ್ಮ ಫೈರ್‌ಬಾಲ್ 33,000 ಘನ ಅಡಿ ತುಂಬುವ ತನಕ ಹರಡುತ್ತಿತ್ತು. ಇಕ್ಕಟ್ಟಾದ ಓಣಿಯಲ್ಲಿ ಎಸೆದರೆ ಎಸೆದವನ ಮುಖಕ್ಕೇ ವಾಪಸ್. ಹಾಗಾಗಿ ಎಸೆಯೋ ಮುಂಚೆ ಯೋಚನೆ ಮಾಡುತ್ತಿದ್ದರು.

ಆ ರಾತ್ರಿ ಯಾರಾದರೂ ಆಡಿದ ಒಳ್ಳೇ ಮಾತು ಅಂದರೆ ಇದೊಂದೇ ಅನ್ನಿಸುತ್ತೆ ನನಗೆ. ಆಗ ಆ ಬೆಂಕಿ ಎಸೆದವನಿಗೂ ಒಂದು ಹೆದರಿಕೆ ಇತ್ತು. ಈಗ ಅದು 20 ಅಡಿ ತ್ರಿಜ್ಯದ ಒಂದು ಉಂಡೆ, ಓಣಿಯಾದರೂ ಅಷ್ಟೇ, ಬಯಲಾದರೂ ಅಷ್ಟೇ. ಆದರೆ ಚಿಕ್ಕಪ್ಪನಿಗೆ ಯಾರೂ ಉತ್ತರ ಕೊಡಲಿಲ್ಲ. 'ಓಣಿ' ಅಂತ ಓದಿದ ಕೂಡಲೇ ಅಕ್ಕನಿಗೆ ಬೇರೇನೋ ನೆನಪಾಗಿತ್ತು.

ಅಕ್ಕ: ಚಿಕ್ಕಪ್ಪ, ನಿಮ್ಮ ಮಗನನ್ನೇ ಕೇಳಿ. ಗಾಬ್ಲಿನ್ ಗುಹೆಯಲ್ಲಿ ಬಾಗಿಲಿಗೆ ಅಡ್ಡ ನಿಂತಿದ್ದು ಯಾರು? ಫೈರ್‌ಬಾಲ್ ಬಿದ್ದದ್ದು ಯಾರ ತಲೆ ಮೇಲೆ?

ಪುಟ್ಟ: ಅಕ್ಕಾ ಅದು ಆರು ವರ್ಷದ ಹಿಂದಿನ ಮಾತು

ಅಕ್ಕ: ನಾನು ಮರೆತಿಲ್ಲ.

ಪುಟ್ಟ: ಎವೊಕೇಷನ್ ವಿದ್ಯೆ ತಗೊಂಡಿದ್ರೆ ನೀನಿದ್ದ ಜಾಗ ಬಿಟ್ಟು ಸುಡಬಹುದಿತ್ತು. ನಂದು ಡಿವಿನೇಷನ್

ಅಕ್ಕ: ಡಿವಿನೇಷನ್ ಅಂದ್ರೆ ಮುಂದಾಗೋದು ಮೊದಲೇ ಗೊತ್ತಾಗಬೇಕು, ಅಲ್ವಾ?

ಗುಂಡ: ಆ ಹಸಿರು ಡಿ20 ನೆನಪಿದೆಯಾ ಯಾರಿಗಾದರೂ? ಯಾವಾಗ ಉರುಳಿಸಿದರೂ 3 ಬೀಳೋದು. ಒಂದು ಸಲ ಮಂಚದ ಕೆಳಗೆ ಹೋಗಿ 20 ಬಿದ್ದಿತ್ತು. ನೆಲಕ್ಕೆ ಬಿದ್ದದ್ದು ಲೆಕ್ಕಕ್ಕಿಲ್ಲ ಅಂದ ಅಣ್ಣ. ನಾನು ಊಟ ಬಿಟ್ಟಿದ್ದೆ.

ಅದರ ಹಿಂದೆಯೇ ಒಂದು ಫೋಟೋ. ನಮ್ಮ ಹಳೇ ಕಾಗದಗಳನ್ನೆಲ್ಲ ಅವನು ಇಟ್ಟುಕೊಂಡಿದ್ದಾನೆ. ಇದು ಅಕ್ಕನ ಫೈಟರ್ ಕಾಗದ. ಹಿಟ್ ಪಾಯಿಂಟ್, ಅಂದರೆ ಉಳಿದ ಜೀವ, ಬರೆಯೋ ಚೌಕದಲ್ಲಿ ಅಳಿಸಿ ಅಳಿಸಿ ತೂತು ಬಿದ್ದಿದೆ. ಅಂಚಿನಲ್ಲೆಲ್ಲ ಪೆನ್ಸಿಲ್ ಗೀಚು. ನಾಲ್ಕು ಜನ ಕೆಂಪು ಹೃದಯ ಒತ್ತಿದರು, ನಾನೂ ಸೇರಿ. ನೋಡಿದವರು ಯಾರೂ ಇಲ್ಲ.

ಅಣ್ಣ: ಎಲ್ಲರನ್ನೂ ಸಮ ಮಾಡಿದ್ದೂ ಆಗಿದೆ. 2008ರ ನಾಲ್ಕನೇ ಆವೃತ್ತಿಯಲ್ಲಿ ಫೈಟರ್, ವಿಝಾರ್ಡ್, ಎಲ್ಲ ಕ್ಲಾಸ್‌ಗೂ ಒಂದೇ ಅಚ್ಚು. ಕೆಲವು ವರಸೆ ಯಾವಾಗ ಬೇಕಾದರೂ, ಕೆಲವು ಕಾಳಗಕ್ಕೊಂದು ಸಲ, ಕೆಲವು ದಿನಕ್ಕೊಂದು ಸಲ. ಜನ ಏನಂದ್ರು? ಯಾರನ್ನು ಆಡಿದರೂ ಒಂದೇ ಥರ ಇದೆ ಅಂದ್ರು. 2014ರಲ್ಲಿ ಐದನೆಯದು ತಂದಾಗ ಮತ್ತೆ ಬೇರೆ ಬೇರೆ ಮಾಡಿದರು.

ಅಕ್ಕ: ನನಗೆ ಆ ನಾಲ್ಕನೆಯದೇ ಇಷ್ಟ. ಫೈಟರ್ ಗುರುತು ಮಾಡಿದ ವೈರಿ ಪಕ್ಕದಲ್ಲಿದ್ದು ಬೇರೆಯವರ ಮೇಲೆ ಕೈ ಎತ್ತಿದರೆ ತಕ್ಷಣ ಒಂದು ಏಟು. ಬಾಗಿಲಲ್ಲಿ ನಿಂತವಳಿಗೆ ಒಂದು ಕೆಲಸ ಇತ್ತು.

ಅಣ್ಣ: ಅದನ್ನು ಆಡೋಣ ಅಂದಾಗ ಬೇಡ ಅಂದವಳು ನೀನೇ.

ಅಕ್ಕ: ನಾನಲ್ಲ, ಪುಟ್ಟ.

ಪುಟ್ಟ: ಸ್ಕ್ರೀನ್‌ಶಾಟ್ ಇದೆ

ಸ್ಕ್ರೀನ್‌ಶಾಟ್ ಬಂತು. ಅದು ಯಾರ ಹುಟ್ಟುಹಬ್ಬಕ್ಕೋ ದುಡ್ಡು ಕೂಡಿಸಿದ ಲೆಕ್ಕ. ಅದರಲ್ಲಿ ಯಾರು ಕೊಟ್ಟಿರಲಿಲ್ಲ ಅನ್ನೋ ಮಾತು ಇಪ್ಪತ್ತು ನಿಮಿಷ ನಡೆಯಿತು. ಅದು ಇಲ್ಲಿ ಬೇಡ.

ಭಾವ: 2017ರಲ್ಲಿ ಡಿ ಆಂಡ್ ಡಿ ಬಿಯಾಂಡ್ ಜಾಲತಾಣದ ಅಂಕಿ ಹೊರಬಂದಾಗ ಜನ ಎಲ್ಲಕ್ಕಿಂತ ಜಾಸ್ತಿ ಮಾಡಿಕೊಂಡಿದ್ದ ಪಾತ್ರ ಮನುಷ್ಯ ಫೈಟರ್. ಕಥೆ ಮುಗಿದವನನ್ನು ಅಷ್ಟು ಜನ ಯಾಕೆ ಆರಿಸಿದರು?

ಪುಟ್ಟ: ಸೋರ್ಸ್?

ಅಕ್ಕ: ಎಲ್ಲರೂ ನನ್ನ ಹಾಗೇ ಮೋಸ ಹೋದವರು.

ಭಾವ: ಡಿಎಂ ಅವರೇ, ಒಂದು ಕೇಳ್ತೀನಿ. ನೀವು ದಿನಕ್ಕೆ ಎಷ್ಟು ಕಾಳಗ ಇಡುತ್ತಿದ್ದಿರಿ? 2014ರ ಡಂಜನ್ ಮಾಸ್ಟರ್ಸ್ ಗೈಡ್ ಆರರಿಂದ ಎಂಟು ಅನ್ನುತ್ತೆ.

ಅಣ್ಣ: ಒಂದು

ಅಣ್ಣ: ಕೆಲವು ಸಲ ಎರಡು

ನಮ್ಮ ಮೇಜಿನಲ್ಲಿ ಆಗುತ್ತಿದ್ದದ್ದು ಅದೇ. ಮೊದಲ ಕಾಳಗದಲ್ಲೇ ಪುಟ್ಟ ದೊಡ್ಡ ಸ್ಪೆಲ್ ಎಲ್ಲ ಸುರಿದುಬಿಡುತ್ತಿದ್ದ. ಆಮೇಲೆ 'ಸ್ಲಾಟ್ ಖಾಲಿ', ಅಂದರೆ ಇವತ್ತಿನ ಮಂತ್ರದ ಪಾಲು ಮುಗಿಯಿತು, ಅಂತ ಮುಖ ಸಣ್ಣದು ಮಾಡುತ್ತಿದ್ದ. ಅವನು ಎಲ್ಲರಿಗಿಂತ ಚಿಕ್ಕವನು. ಅಣ್ಣ ಕರಗಿ 'ಸರಿ, ಡೇರೆ ಹಾಕಿ, ಮಲಗಿ' ಅನ್ನುತ್ತಿದ್ದ. ಬೆಳಗಾದರೆ ಸ್ಲಾಟ್ ಎಲ್ಲ ವಾಪಸ್. ಕತ್ತಿಗೆ ಸ್ಲಾಟ್ ಇಲ್ಲ. ಎಷ್ಟು ಮಲಗಿದರೂ ಅದರ ಏಟು ಜಾಸ್ತಿಯಾಗಲ್ಲ.

ನಾನು ಲೆಕ್ಕ ಹಾಕಲು ಕೂತೆ. ಆಗಲೇ ಆ ಇರುವೆ ಸಾಲು ಓದಿದ್ದು: 'ನಾಲ್ವರೂ ಒಟ್ಟಿಗೆ ನಿಂತು, ಯಾರೂ ಸೇವಿಂಗ್ ಥ್ರೋ ಗೆಲ್ಲದಿದ್ದರೆ. ಒಂದು ಸುತ್ತಿಗೆ ಮಾತ್ರ.' (ಸೇವಿಂಗ್ ಥ್ರೋ ಅಂದರೆ ಪೆಟ್ಟು ಕಡಿಮೆ ಮಾಡಿಕೊಳ್ಳಲು ಉರುಳಿಸುವ ದಾಳ.)

ಸರಿ, ಅದೇ ಧಾರಾಳತನ ಇಬ್ಬರಿಗೂ ಇರಲಿ ಅಂದುಕೊಂಡೆ. ದಿನಕ್ಕೆ ಆರು ಕಾಳಗ, ಒಂದೊಂದು ಮೂರು ಸುತ್ತು, ಮಧ್ಯೆ ಎರಡು ಸಣ್ಣ ವಿಶ್ರಾಂತಿ. ಐದನೇ ಲೆವೆಲ್ ವಿಝಾರ್ಡ್‌ಗೆ ಫೈರ್‌ಬಾಲ್ ಎರಡು, ವಿಶ್ರಾಂತಿಯಲ್ಲಿ ಸ್ಲಾಟ್ ವಾಪಸ್ ಕೊಡುವ ಆರ್ಕೇನ್ ರಿಕವರಿಯಿಂದ ಇನ್ನೊಂದು. ಮೂರಕ್ಕೆ 336. ಉಳಿದ 15 ಸುತ್ತು ಸ್ಲಾಟ್ ಬೇಡದ ಸಣ್ಣ ಮಂತ್ರ ಫೈರ್ ಬೋಲ್ಟ್, ಸುತ್ತಿಗೆ 11, ಅಂದರೆ 165. ಒಟ್ಟು 501. ಫೈಟರ್‌ಗೆ 18 ಸುತ್ತು 22ರಂತೆ 396. ಜೊತೆಗೆ ಇನ್ನೊಂದು ಸುತ್ತಿನಷ್ಟು ಹೊಡೆಯಲು ಬಿಡುವ ಆ್ಯಕ್ಷನ್ ಸರ್ಜ್ ಮೂರು ಸಲ, 66. ಒಟ್ಟು 462. ಸಣ್ಣ ಸ್ಲಾಟ್‌ಗಳನ್ನು ಸೇರಿಸಿದರೆ ವಿಝಾರ್ಡ್ ಇನ್ನಷ್ಟು ಮುಂದೆ ಹೋಗುತ್ತಾನೆ, ನಿಜ. ಆದರೂ 112ಕ್ಕೆ 22 ಎಲ್ಲಿ, 501ಕ್ಕೆ 462 ಎಲ್ಲಿ! ಅಕ್ಕನಿಗೆ ಅನ್ಯಾಯ ಮಾಡಿದ್ದು ಪುಸ್ತಕಕ್ಕಿಂತ ಜಾಸ್ತಿ ಆ ಡೇರೆ.

ಇಷ್ಟನ್ನೂ ಬರೆದು ಗುಂಪಿಗೆ ಹಾಕಿದೆ. ಗುಂಡ ಹೆಬ್ಬೆರಳು ಒತ್ತಿದ. ಚಿಕ್ಕಪ್ಪ 'ಮಲಗಿ ಮಕ್ಕಳಾ, ಹೊತ್ತಾಯಿತು' ಅಂದರು. ಇನ್ಯಾರೂ ಏನೂ ಹೇಳಲಿಲ್ಲ. ಕ್ಲೆರಿಕ್ ಮಾತು ಮೊದಲಿಂದಲೂ ಹೀಗೇ.

ಹನ್ನೊಂದೂಮುಕ್ಕಾಲಿಗೆ ಮತ್ತೆ ಫೋನ್ ಸದ್ದಾಯಿತು.

ಪುಟ್ಟ: ಅಕ್ಕಾ, ನಾನು ಸುಮ್ನೆ ಎಸೆದಿದ್ದಲ್ಲ. ನಿನ್ನ ಹಿಟ್ ಪಾಯಿಂಟ್ 44. ಫೈರ್‌ಬಾಲ್ ಸರಾಸರಿ 28. ನೀನು ಬೀಳಲ್ಲ ಅಂತ ಲೆಕ್ಕ ಹಾಕಿಯೇ ಎಸೆದೆ

ಅಕ್ಕ: ಗುಂಡ ಹಾಕಿದ ಫೋಟೋ ದೊಡ್ಡದು ಮಾಡಿ ನೋಡು.

ನಾನೂ ನೋಡಿದೆ. ಅಂಚಿನಲ್ಲಿ 'ಗುಹೆ' ಅಂತ ಬರೆದು ಕೆಳಗೆ ಒಂದರ ಕೆಳಗೊಂದು: 44, 37, 31, 26, 19. ಅದರ ಕೆಳಗೆ ಒಂದು ಸೊನ್ನೆ. ಪೆನ್ಸಿಲ್ ಒತ್ತಿ ಎರಡು ಸಲ ತಿದ್ದಿದ ಸೊನ್ನೆ.

'ಪುಟ್ಟ ಟೈಪ್ ಮಾಡುತ್ತಿದ್ದಾರೆ' ಅಂತ ಬಂತು. ಹೋಯಿತು. ಮತ್ತೆ ಬಂತು. ಮತ್ತೆ ಹೋಯಿತು.

ಭಾವ: ಆ ಚಿತ್ರದ ಸೋರ್ಸ್ ಇನ್ನೂ ಯಾರೂ ಕೊಟ್ಟಿಲ್ಲ.