ಯುದ್ಧಟ್ಯಾಂಕುಗಳ ಖಾಸಗಿ ಸಂಗ್ರಹ: ಮಾಲೀಕರ ನಂತರ ಏನಾಗುತ್ತದೆ?

ಪ್ರಶ್ನೆ (ಬೀದರ್):
ಬೀದರ್ ಕೋಟೆಯ ಬುರುಜಿನ ಮೇಲಿರುವ ತೋಪುಗಳನ್ನು ನೋಡುತ್ತ ಬೆಳೆದ ನನಗೆ ಯುದ್ಧವಾಹನಗಳ ಇತಿಹಾಸವೂ ಅಷ್ಟೇ ಪ್ರಿಯವಾಗಿದೆ. ವಿದೇಶಗಳಲ್ಲಿ ಕೆಲವರು ಎರಡನೆಯ ಮಹಾಯುದ್ಧದ ಟ್ಯಾಂಕುಗಳನ್ನು ಸ್ವಂತ ಖರ್ಚಿನಲ್ಲಿ ಸಂಗ್ರಹಿಸುತ್ತಾರೆ. ಅವರು ತೀರಿಕೊಂಡ ಮೇಲೆ ಆ ಸಂಗ್ರಹದ ಗತಿಯೇನು? ನಮ್ಮ ಭಾಗದವರು ಇಂಥವನ್ನು ಎಲ್ಲಿ ನೋಡಬಹುದು?

ಉತ್ತರ 1 (ಕಲಬುರಗಿ):
ಕ್ಯಾಲಿಫೋರ್ನಿಯಾದ ಜಾಕ್ ಲಿಟಲ್‌ಫೀಲ್ಡ್ ಅವರ ಸಂಗ್ರಹವೇ ಇದಕ್ಕೆ ಒಳ್ಳೆಯ ನಿದರ್ಶನ. 200ಕ್ಕೂ ಹೆಚ್ಚು ವಾಹನಗಳನ್ನು ಕೂಡಿಸಿದ್ದ ಅವರು, ಪೋಲೆಂಡಿನ ನದಿಯೊಂದರಲ್ಲಿ ಮುಳುಗಿದ್ದ, ಸುಮಾರು 45 ಟನ್ ತೂಕದ ಜರ್ಮನ್ ಪ್ಯಾಂಥರ್ ಟ್ಯಾಂಕನ್ನು ತರಿಸಿ, ತಮ್ಮ ಕಾರ್ಯಾಗಾರದಲ್ಲಿ ವರ್ಷಗಟ್ಟಲೆ ದುರಸ್ತಿ ಮಾಡಿಸಿ ಮತ್ತೆ ಓಡುವಂತೆ ಮಾಡಿದರು. ಅವರು 2009ರಲ್ಲಿ ನಿಧನರಾದರು. ಸಂಗ್ರಹವು ಮುಂದೆ ಕಾಲಿಂಗ್ಸ್ ಫೌಂಡೇಶನ್ ಎಂಬ ಅಮೆರಿಕದ ಲಾಭರಹಿತ ಸಂಸ್ಥೆಗೆ ಸೇರಿತು. 2014ರಲ್ಲಿ ಬಹಳಷ್ಟು ವಾಹನಗಳು ಹರಾಜಾದವು. ಉಳಿಸಿಕೊಂಡವು ಈಗ ಮ್ಯಾಸಚೂಸೆಟ್ಸ್‌ನ ಅಮೆರಿಕನ್ ಹೆರಿಟೇಜ್ ಮ್ಯೂಸಿಯಂನಲ್ಲಿವೆ. ಒಬ್ಬರ ಜೀವಮಾನದ ಶ್ರಮ ಹೀಗೆ ಚದುರಿಹೋದದ್ದು ನೋವಿನ ಸಂಗತಿಯೆಂದೇ ನನ್ನ ಅಭಿಪ್ರಾಯ, ಆದರೂ ಆ ಹರಾಜಿನ ಹಣ ವಸ್ತುಸಂಗ್ರಹಾಲಯವನ್ನು ಕಟ್ಟಲು ನೆರವಾಯಿತೆಂಬುದನ್ನು ಮರೆಯಬಾರದು.

ಉತ್ತರ 2 (ಯಾದಗಿರಿ):
ನೋಡುವುದಕ್ಕಾದರೆ ಮಹಾರಾಷ್ಟ್ರದ ಅಹಮದ್‌ನಗರಕ್ಕೆ, ಅಂದರೆ ಇಂದಿನ ಅಹಿಲ್ಯಾನಗರಕ್ಕೆ ಹೋಗಿರಿ. ಅಲ್ಲಿ ಸೇನೆಯೇ 1994ರಲ್ಲಿ ಸ್ಥಾಪಿಸಿದ ಕ್ಯಾವಲ್ರಿ ಟ್ಯಾಂಕ್ ಮ್ಯೂಸಿಯಂ ಇದೆ. ಟ್ಯಾಂಕಿನ ಪಕ್ಕದಲ್ಲಿ ಕುಳಿತು ಅದರ ಸರಪಳಿಯನ್ನು ಗಮನಿಸಿರಿ: ಒಂದೊಂದು ಉಕ್ಕಿನ ಕೊಂಡಿಯನ್ನೂ ಪಿನ್ನಿನಿಂದ ಜೋಡಿಸಿರುತ್ತಾರೆ, ಆ ಪಿನ್ನುಗಳು ಸವೆದಂತೆ ಇಡೀ ಸರಪಳಿ ಉದ್ದವಾಗಿ ಸಡಿಲಗೊಳ್ಳುತ್ತದೆ. ಓಡುವ ಸ್ಥಿತಿಯಲ್ಲಿ ಟ್ಯಾಂಕನ್ನು ಇಡುವುದು ಎಷ್ಟು ದುಬಾರಿಯೆಂಬುದು ಅಲ್ಲಿಯೇ ಅರ್ಥವಾಗುತ್ತದೆ.

ಉತ್ತರ 3 (ಕಲಬುರಗಿ):
ಸ್ವಂತಕ್ಕೆ ಏನಾದರೂ ಬೇಕೆಂದರೆ, ದಾಖಲೆಪತ್ರ ಸರಿಯಿರುವ ಹಳೆಯ ಜೀಪಿನಿಂದ ಆರಂಭಿಸುವುದು ಲೇಸು. ಅದರ ಬಿಡಿಭಾಗಗಳನ್ನು ಅರಿತ ಮೆಕ್ಯಾನಿಕ್‌ಗಳು ನಮ್ಮ ಊರುಗಳಲ್ಲಿ ಇನ್ನೂ ಇದ್ದಾರೆ.