ತಿಂಗಳು ತುಂಬದ ಮಗು: ಹರಕೆ, ಹೆಸರು, ತೂಕ. ನಿಮ್ಮ ಮನೆಯಲ್ಲಿ ಹೇಗೆ ತಡೆದುಕೊಂಡಿರಿ?

ತುಮಕೂರಿನ ಬಾಣಂತಿ: 30 ವಾರಕ್ಕೆ ಹುಟ್ಟಿದ ಮಗಳಿಗೆ ಇಂದು ಒಂಬತ್ತನೆಯ ದಿನ. ಹುಟ್ಟಿದಾಗ 1,180 ಗ್ರಾಂ, ಈಗ 1,090. ಅತ್ತೆ ಧರ್ಮಸ್ಥಳಕ್ಕೆ ತುಲಾಭಾರದ ಹರಕೆ ಹೊತ್ತಿದ್ದಾರೆ. ಮಗು ಮನೆಗೆ ಬರುವವರೆಗೂ ಹೆಸರಿಡಬಾರದು ಎನ್ನುತ್ತಾರೆ. ನನಗೆ ಅವಳನ್ನು ಹೆಸರು ಹಿಡಿದು ಕರೆಯುವ ಆಸೆ. ದಾಟಿ ಬಂದವರು ಹೇಳಿ.

ಶಿವಮೊಗ್ಗದ ತಾಯಿ: ನನ್ನ ಮಗ 28 ವಾರ, 960 ಗ್ರಾಂ. ಎನ್‌ಐಸಿಯುನಲ್ಲಿ (ಹಸುಗೂಸುಗಳ ತೀವ್ರ ನಿಗಾ ಘಟಕ) 63 ದಿನ. ಮೊದಲ ವಾರ 860ಕ್ಕೆ ಇಳಿದ. ಹುಟ್ಟಿದ ತೂಕ ಮತ್ತೆ ಮುಟ್ಟಲು ಹದಿನಾರು ದಿನ ಹಿಡಿಯಿತು. ಶ್ವಾಸಕೋಶ ಅರಳಲು ಕೊಡುವ ಸರ್ಫ್ಯಾಕ್ಟಂಟ್ ಔಷಧಿಯ ಸೀಸೆಗೆ 14,000 ರೂಪಾಯಿ, ಅಂಥವು ಎರಡು. ಆಸ್ಪತ್ರೆಗೆ ದಿನಕ್ಕೆ 9,500, ಉಸಿರಿಗೆ ಗಾಳಿ ಒತ್ತಿ ಕೊಡುವ ಸಿಪ್ಯಾಪ್ ಯಂತ್ರ ಇದ್ದ ಹನ್ನೊಂದು ದಿನ ಅದರ ಮೇಲೆ 4,000. ಎರಡೆಳೆ ಸರ ಹೋಯಿತು, ಕೊಯ್ಲಿಗೆ ಮುಂಚೆಯೇ ಅಡಿಕೆ ಮಂಡಿಯಲ್ಲಿ ಮುಂಗಡ ತಂದೆವು. ನಲವತ್ತನೆಯ ದಿನ ಸೋಂಕು, ಹಾಲು ನಿಲ್ಲಿಸಿದರು. ಅಂದು ರಾತ್ರಿ ನಮ್ಮತ್ತೆಯೂ ತುಲಾಭಾರ ಹೇಳಿಕೊಂಡರು. ಹತ್ತು ತಿಂಗಳಿಗೆ ತಕ್ಕಡಿಯಲ್ಲಿ ಕೂರಿಸಿದಾಗ ಏಳು ಕಿಲೋಗೂ ಮಿಕ್ಕಿ ಬೆಲ್ಲ ತೂಗಿತು. ಮಂಜುನಾಥ ಕೈಬಿಡಲಿಲ್ಲ. ದಿನದಿನದ ಗ್ರಾಂ ಲೆಕ್ಕ ಬರೆದ ಪುಸ್ತಕ ಇನ್ನೂ ದೇವರ ಗೂಡಿನಲ್ಲಿದೆ.

ಕಲಬುರಗಿಯ ತಂದೆ: ನಮ್ಮ ಮನೆಯಲ್ಲೂ ಭಕ್ತಿಗೆ ಕೊರತೆಯಿರಲಿಲ್ಲ. 31 ವಾರ, 1,350 ಗ್ರಾಂ. 30 ದಿನದೊಳಗೆ ರೆಟಿನಾ (ಕಣ್ಣಿನ ಒಳಪರದೆ) ಪರೀಕ್ಷೆ ಆಗಲೇಬೇಕೆಂದು ಬಿಡುಗಡೆಯ ಚೀಟಿಯಲ್ಲಿ ಬರೆದಿತ್ತು. ಹಸುಗೂಸನ್ನು ಹೊಸ್ತಿಲು ದಾಟಿಸಬೇಡಿ, ದೇವರಿದ್ದಾನೆ ಎಂದರು ಅಮ್ಮ. ಐವತ್ತೆರಡನೆಯ ದಿನ ಹೋದೆವು. ಎರಡೂ ಕಣ್ಣಿಗೆ ಲೇಸರ್. ಬಲಗಣ್ಣು ಉಳಿಯಿತು, ಎಡಗಣ್ಣಿಗೆ ಬೆಳಕು ಬಂದದ್ದು, ಹೋದದ್ದು ಮಾತ್ರ ತಿಳಿಯುತ್ತದೆ. ಜಿಲ್ಲೆಗಳಿಗೆ ಕ್ಯಾಮೆರಾ ಒಯ್ದು ಕೂಸುಗಳ ಕಣ್ಣು ನೋಡುವ ಕಿಡ್‌ರಾಪ್ ನಮ್ಮ ರಾಜ್ಯದಲ್ಲೇ 2008ರಲ್ಲಿ ಶುರುವಾದದ್ದು. ಬೆಲ್ಲ ತೂಗುವ ಮೊದಲು ಅದನ್ನು ವಿಚಾರಿಸಿ.

ಶಿವಮೊಗ್ಗದ ತಾಯಿ: ಸರ್, ನನ್ನ ಮಗನಿಗೆ ನಾಲ್ಕು ಸಲ ಕಣ್ಣು ತೋರಿಸಿದ್ದೇನೆ. ಹರಕೆ ಹೊತ್ತವರೆಲ್ಲ ಚೀಟಿ ಓದದವರಲ್ಲ. ನಿಮ್ಮ ಮನೆಯ ತಪ್ಪನ್ನು ನನ್ನ ದೇವರ ಮೇಲೆ ಹೊರಿಸಬೇಡಿ.

ಮಂಗಳೂರಿನ ಅಜ್ಜಿ: ತಂಗೀ, ಹೆಸರಿಡು. ನಮ್ಮ ಮೊಮ್ಮಗಳು ನೀಲಿಗಟ್ಟಿದ ರಾತ್ರಿ ಪಾದ್ರಿಯವರು ಬರುವಷ್ಟು ಹೊತ್ತಿರಲಿಲ್ಲ. ಜೀವಕ್ಕೆ ಅಪಾಯವಿದ್ದಾಗ ನಮ್ಮ ಕ್ರೈಸ್ತರ ಜ್ಞಾನಸ್ನಾನವನ್ನು (ಬ್ಯಾಪ್ಟಿಸಂ) ಯಾರು ಬೇಕಾದರೂ ಕೊಡಬಹುದು. ಪಾಳಿಯಲ್ಲಿದ್ದ ನರ್ಸ್ ಹಣೆಗೆ ನೀರು ಹನಿಸಿ ಹೆಸರು ಹೇಳಿದಳು. ಬೆಳಗಿನಿಂದ ತೊಟ್ಟಿಲ ಚೀಟಿಯಲ್ಲಿ ತಾಯಿಯ ಹೆಸರಿನ ಬದಲು ಅವಳದೇ ಹೆಸರು. ಈಗ ಅವಳಿಗೆ ಆರು ವರ್ಷ, ಪ್ರತಿ ಜನವರಿಗೆ ಬಿಕರ್ನಕಟ್ಟೆಯ ಬಾಲಯೇಸುವಿನ ಹಬ್ಬಕ್ಕೆ ಕರೆದೊಯ್ಯುತ್ತೇವೆ. ಹೆಸರಿಡದೆ ಕಾಯುವುದೆಂದರೆ ಅರ್ಧ ಮನಸ್ಸಿನಿಂದ ಪ್ರಾರ್ಥಿಸಿದ ಹಾಗೆ.

ಮಂಡ್ಯದ ತಂದೆ: ಅಮ್ಮಾ, ನಮಗೆ ಅವಳಿ. ಇಬ್ಬರಿಗೂ ಹೆಸರಿಟ್ಟಿದ್ದೆವು, ಇಬ್ಬರಿಗೂ ಸೇರಿಸಿ ಒಂದೇ ಹರಕೆ ಹೊತ್ತಿದ್ದೆವು. ಗಂಡು ಹನ್ನೆರಡನೆಯ ದಿನ ಹೋಯಿತು. ನಮ್ಮದು ಯಾವ ಅರ್ಧ ಮನಸ್ಸು? ದೇವರು ಕೈಬಿಡಲಿಲ್ಲ ಎಂದು ಬರೆಯುವಾಗ ನಮ್ಮಂಥವರೂ ಓದುತ್ತಿರುತ್ತೇವೆ ಎಂಬುದು ನೆನಪಿರಲಿ. ಹೆಣ್ಣುಕೂಸನ್ನು ಆಮೇಲೆ ನಾನೇ ಅಂಗಿ ಬಿಚ್ಚಿ ಎದೆಗೆ ಕಟ್ಟಿಕೊಂಡೆ. ಹೆಂಡತಿ ಎಂಟು ತಾಸು, ನಾನು ಆರು ತಾಸು. ಗಂಡಸು ಬಾಣಂತಿಯಂತೆ ಕೂರುವುದೇ ಎಂದು ನಮ್ಮಮ್ಮ ಮೂರು ದಿನ ಮಾತು ಬಿಟ್ಟರು. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿದ್ದು, ಹೀಗೆ ಮೈಗೆ ಮೈ ತಾಗಿಸಿ ಇಟ್ಟುಕೊಳ್ಳುವುದು ದಿನಕ್ಕೆ 8ರಿಂದ 24 ತಾಸು. ಅವಳ ಉಸಿರು ನಿಂತು ನಿಂತು ಬರುತ್ತಿದ್ದುದು ನನ್ನ ಎದೆಗೇ ತಿಳಿಯುತ್ತಿತ್ತು. ಆಗ ಅಣ್ಣನ ಹೆಸರನ್ನೂ ಅವಳ ಕಿವಿಯಲ್ಲಿ ಹೇಳುತ್ತಿದ್ದೆ.

ಮಂಗಳೂರಿನ ಅಜ್ಜಿ: ಆ ಮಾತು ತಪ್ಪಾಯಿತು ಮಗನೇ. ಹಿಂದಕ್ಕೆ ತೆಗೆದುಕೊಂಡೆ.

ಶಿವಮೊಗ್ಗದ ತಾಯಿ: ನಾನು ಬರೆದದ್ದನ್ನು ತೆಗೆಯುವುದಿಲ್ಲ. ನನಗೆ ಆದದ್ದು ಅದೇ.

ಕಲಬುರಗಿಯ ತಂದೆ: ತುಮಕೂರಿನ ತಂಗಿ, 1,200 ಗ್ರಾಂಗಿಂತ ಕಡಿಮೆಯಿದ್ದರೆ 30 ದಿನವೂ ಕಾಯುವಂತಿಲ್ಲ, ಎರಡು ಮೂರು ವಾರಕ್ಕೇ ತೋರಿಸಬೇಕು. ದಿನಾಂಕ ಬರೆಸಿಕೊಂಡಿರಾ?

ತುಮಕೂರಿನ ಬಾಣಂತಿ: ಈಗಷ್ಟೇ ಬರೆಸಿಕೊಂಡು ಬಂದೆ ಅಣ್ಣ. ಮುಂದಿನ ಗುರುವಾರ. ಇಂದಿನ ತೂಕ 1,095.